ಹೊಳೆಬದಿಯ ದಾರಿ

ನಮ್ಮ ಕಡೆಯವರು ಹೊಳೆಯನ್ನು ನೋಡುವುದು ಹೆಚ್ಚಾಗಿ ಅಡ್ಡಕ್ಕೆ. ಬಸ್ಸು ಸೇತುವೆ ಹತ್ತುತ್ತದೆ, ಕಿಟಕಿ ಪಕ್ಕದವರು ಒಮ್ಮೆ ಕೆಳಗೆ ಬಗ್ಗಿ ನೋಡುತ್ತಾರೆ, ಯಾರೋ ಚಿಲ್ಲರೆ ಕಾಸು ಎಸೆದು ಕೈಮುಗಿಯುತ್ತಾರೆ, ಅಷ್ಟರಲ್ಲಿ ಆಚೆ ದಡ ಬಂದಿರುತ್ತದೆ. ಕಂಡ್ಲೂರಿನ ಸೇತುವೆಯಲ್ಲಿ ವಾರಾಹಿ, ಅರಾಟೆಯ ಸೇತುವೆಯಲ್ಲಿ ಸೌಪರ್ಣಿಕೆ, ಎಲ್ಲವೂ ಅರ್ಧ ನಿಮಿಷದ ನದಿಗಳು. ಹೊಳೆಯನ್ನು ಉದ್ದಕ್ಕೆ ನೋಡಿದವರು ಬೇರೆ ಜನ. ದೋಣಿಯವರು, ಬಲೆ ಬೀಸುವವರು, ಚಿಪ್ಪು ಹೆಕ್ಕುವ ಹೆಂಗಸರು, ಮರಳು ತೆಗೆಯುವವರು. ಕುಂದಾಪುರದ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮೂವತ್ತೆಂಟು ವರ್ಷವಾದರೂ ವಾರಾಹಿ ಎಲ್ಲಿ ತಿರುಗುತ್ತದೆ, ಎಲ್ಲಿ ಅಗಲವಾಗುತ್ತದೆ, ಯಾವ ಊರಿನವರೆಗೆ ಉಪ್ಪುನೀರು ಏರಿ ಬರುತ್ತದೆ ಎಂಬುದು ನಕ್ಷೆ ನೋಡದೆ ತಿಳಿಯುತ್ತಿರಲಿಲ್ಲ.

ಸೈಕಲ್ಲಿನಲ್ಲಿ ಹೊಳೆಯ ಜೊತೆಗೇ ಸಮುದ್ರದವರೆಗೆ ಹೋಗಿಬರೋಣ ಎಂದವಳು ತಂಗಿ. ಅವಳಿಗೆ ಆ ಆಸೆ ಹತ್ತಿಸಿದ್ದು ಯುರೋಪಿನ ಡ್ಯಾನ್ಯೂಬ್ ನದಿಯ ಸೈಕಲ್ ದಾರಿಯ ಬಗ್ಗೆ ಎಲ್ಲೋ ಓದಿದ ಲೇಖನ. ಜರ್ಮನಿಯ ಪಸ್ಸಾವ್ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ 300 ಕಿ.ಮೀ.ಗೂ ಮಿಕ್ಕ ದಾರಿ ಅದು. ಪುಟ್ಟ ಮಕ್ಕಳನ್ನು ಕಟ್ಟಿಕೊಂಡ ಸಂಸಾರಗಳು, ಎಪ್ಪತ್ತು ದಾಟಿದ ಗಂಡ-ಹೆಂಡತಿ, ಎಲ್ಲರೂ ವಾರಗಟ್ಟಲೆ ತುಳಿಯುತ್ತಾರಂತೆ. ದಾರಿ ಹೆಚ್ಚುಕಡಿಮೆ ಸಪಾಟು, ನದಿಯೊಡನೆಯೇ ಸಣ್ಣಗೆ ಇಳಿಯುತ್ತದೆ. ಕಾರುಗಳ ಕಾಟ ತೀರ ಕಡಿಮೆ. ಬೇಸರ ಬಂದಲ್ಲಿ ಆಚೆ ದಡಕ್ಕೆ ದಾಟಲು ಸೈಕಲ್ ಹತ್ತಿಸಿಕೊಳ್ಳುವ ಸಣ್ಣ ದೋಣಿಗಳಿವೆ.

ಆ ದಾರಿಯ ಹುಟ್ಟು ನನಗೆ ಇನ್ನೂ ಚೆನ್ನಾಗಿ ಕಂಡಿತು. ಅದನ್ನು ಯಾರೂ ಸೈಕಲ್ಲಿಗೆಂದು ಮಾಡಿದ್ದಲ್ಲ. ಉಗಿಯಂತ್ರ ಬರುವ ಮೊದಲು ಸರಕಿನ ದೋಣಿಗಳನ್ನು ಹೊಳೆಗೆ ಎದುರಾಗಿ ಮೇಲಕ್ಕೆ ಒಯ್ಯಲು ದಡದ ಮೇಲಿನ ಕುದುರೆಗಳು ಹಗ್ಗ ಕಟ್ಟಿ ಎಳೆಯಬೇಕಾಗಿತ್ತು. ಆ ಕುದುರೆಗಳು ನಡೆದು ನಡೆದು ಆದ ದಂಡೆಯ ದಾರಿಗಳು ಕೆಲಸ ತಪ್ಪಿ ಬಿದ್ದಿದ್ದವು. 1980ರ ದಶಕದಲ್ಲಿ ಅವನ್ನು ಒಂದಕ್ಕೊಂದು ಜೋಡಿಸಿ ಸೈಕಲ್ಲಿಗೆ ಬಿಟ್ಟರು. ಅಂದರೆ ಹೊಸ ದಾರಿ ಕಡಿದದ್ದು ಕಡಿಮೆ, ಇದ್ದ ತುಂಡುಗಳನ್ನು ಸೇರಿಸಿದ್ದು ಹೆಚ್ಚು.

ಹಾಗಾದರೆ ನಮ್ಮ ಹೊಳೆಬದಿಯಲ್ಲಿ ಯಾವ ತುಂಡುಗಳಿವೆ? ಅದನ್ನೇ ನೋಡಲು ಹೊರಟದ್ದು ಎಂದರೆ ಸ್ವಲ್ಪ ದೊಡ್ಡ ಮಾತಾದೀತು. ಮಕ್ಕಳಿಗೆ ರಜೆ ಇತ್ತು, ಡಿಸೆಂಬರಿನ ಬೆಳಗು ತಂಪಿತ್ತು. ನಾನು, ತಂಗಿ, ಹತ್ತು ವರ್ಷದ ನನ್ನ ಮಗಳು, ಎಂಟರ ಅವಳ ಮಗ. ಗೂಡ್ಸ್ ರಿಕ್ಷಾದಲ್ಲಿ ನಾಲ್ಕು ಸೈಕಲ್ ಹೇರಿಸಿ ಘಟ್ಟದ ಬುಡದ ಸಿದ್ದಾಪುರಕ್ಕೆ ಹೋದೆವು. ಮೊದಲ ದಿನ ಅಲ್ಲಿಂದ ಅಂಪಾರು, ಕಂಡ್ಲೂರು ಮಾರ್ಗವಾಗಿ ಗುಲ್ವಾಡಿಯ ತವರುಮನೆ. 25 ಕಿ.ಮೀ. ಆಸುಪಾಸು. ಮರುದಿನ ಅಲ್ಲಿಂದ ಬಸ್ರೂರು, ಕುಂದಾಪುರ ಹಾದು ಕೋಡಿಯ ಕಡಲತೀರ. ಅದು ಇನ್ನೊಂದು 20 ಕಿ.ಮೀ.ಗೆ ಹತ್ತಿರ. ದೊಡ್ಡವರು ಒಂದು ಬೆಳಗಿನಲ್ಲಿ ಮುಗಿಸುವ ದೂರವೇ. ಎಂಟು ವರ್ಷದ ಕಾಲಿಗೆ ಮಾತ್ರ ಅದು ದೊಡ್ಡ ಪ್ರಯಾಣ.

ಸಿದ್ದಾಪುರದ ಹೋಟೆಲಿನಲ್ಲಿ ಬನ್ಸ್ ತಿನ್ನುವಾಗ ಗಲ್ಲೆಯಲ್ಲಿದ್ದವರು ವಿಚಾರಿಸಿದರು. ಹೊಳೆಬದಿಯಲ್ಲೇ ಹೋಗುತ್ತೇವೆ ಎಂದೆವು. ಅವರಿಗೆ ನಗು ಬಂತು. "ಹೊಳಿ ಬದಿಗ್ ರಸ್ತಿ ಎಲ್ಲಿತ್ತ್ ಅಕ್ಕ?"

ಅವರು ಹೇಳಿದ್ದು ಸರಿಯೇ. ರಸ್ತೆ ಹೊಳೆಯ ಕಣಿವೆಯಲ್ಲೇ ಇದೆ, ಹೊಳೆ ಮಾತ್ರ ಕಾಣುವುದಿಲ್ಲ. ನಮ್ಮ ಹಳೆಯ ಊರುಗಳ ಲೆಕ್ಕ ಹಾಗೆ. ತಗ್ಗಿನ ನೆಲವೆಲ್ಲ ಗದ್ದೆಗೆ, ಅದರ ಅಂಚಿಗೆ ತೆಂಗು ಕಂಗು, ಅದಕ್ಕಿಂತ ಮೇಲೆ ಮನೆ, ಮನೆಗಿಂತ ಮೇಲೆ ಮುರಕಲ್ಲಿನ ಗುಡ್ಡೆ. ಅಕ್ಕಿ ಬೆಳೆಯುವ ನೆಲದಲ್ಲಿ ರಸ್ತೆ ಮಾಡುವ ದಡ್ಡತನವನ್ನು ಯಾರೂ ಮಾಡಲಿಲ್ಲ. ಆಟಿಯ ಮಳೆಗೆ ತಗ್ಗೆಲ್ಲ ನೀರಾಗುವಾಗ ಗಟ್ಟಿ ನಿಲ್ಲುವುದು ಗುಡ್ಡೆಯೇ. ಹೀಗಾಗಿ ರಸ್ತೆ ಗುಡ್ಡೆಯಿಂದ ಗುಡ್ಡೆಗೆ ಹೋಗುತ್ತದೆ. ನಡುವೆ ತೋಡು ಬಂದಲ್ಲಿ ಇಳಿಯುತ್ತದೆ, ಮೋರಿ ದಾಟಿ ಮತ್ತೆ ಏರುತ್ತದೆ. ಹೊಳೆ ಘಟ್ಟದ ಬುಡದಿಂದ ಕಡಲಿನವರೆಗೆ ಒಂದೇ ಸಮ ಇಳಿಯುವಾಗ ಅದರ ಪಕ್ಕದ ರಸ್ತೆ ಹತ್ತಾರು ಸಲ ಏರಿ ಇಳಿಯುತ್ತದೆ. ಕಾರಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಗೇರ್ ಇಲ್ಲದ ಮಕ್ಕಳ ಸೈಕಲ್ಲಿನಲ್ಲಿ ಪ್ರತಿ ಏರೂ ತೊಡೆಗೆ ತಿಳಿಯುತ್ತದೆ. ಅಂಪಾರು ಬರುವಷ್ಟರಲ್ಲಿ ನಾವು ಸೈಕಲ್ ತುಳಿದಷ್ಟೇ ದೂಡಿಯೂ ಇದ್ದೆವು.

ದೂಡುವಾಗ ಒಂದು ಲಾಭವಿದೆ, ಸುತ್ತ ನೋಡಲು ಪುರುಸೊತ್ತು. ಕೊಯ್ಲು ಮುಗಿದ ಗದ್ದೆಗಳಲ್ಲಿ ಉದ್ದು ಎರಡೆಲೆ ಬಿಟ್ಟಿತ್ತು. ಕೆಲವೆಡೆ ನೆಲಗಡಲೆಗೆ ಸಾಲು ಹೊಡೆಯುತ್ತಿದ್ದರು. ಮಳೆ ನಿಂತು ತಿಂಗಳುಗಳಾದರೂ ವಾರಾಹಿಯಲ್ಲಿ ನೀರಿರುವುದಕ್ಕೆ ಘಟ್ಟದ ಮೇಲಿನ ಮಾಣಿ ಅಣೆಕಟ್ಟು ಕಾರಣ ಎಂದು ಮಕ್ಕಳಿಗೆ ಹೇಳಿದೆ. ಅಲ್ಲಿ ಕಟ್ಟಿದ ನೀರು ಹೊಸಂಗಡಿಯ ನೆಲದೊಳಗಿನ ವಿದ್ಯುದಾಗಾರಕ್ಕೆ ಬಿದ್ದು, 460 ಮೆಗಾವ್ಯಾಟ್ ಸಾಮರ್ಥ್ಯದ ಯಂತ್ರಗಳನ್ನು ತಿರುಗಿಸಿ, ಮತ್ತೆ ಹೊಳೆಗೆ ಸೇರುತ್ತದೆ. ಕರೆಂಟು ಬೇಕಾದಾಗಲೆಲ್ಲ ಹೊಳೆಗೂ ನೀರು. "ಹಾಗಾದರೆ ಇದು ಸ್ವಿಚ್ ಇರುವ ಹೊಳೆ" ಎಂದಳು ಮಗಳು.

ಅಂಪಾರಿನಿಂದ ಈಚೆ ಒಂದು ಇಳುಕಲಿನಲ್ಲಿ ಹಿಂದಿನಿಂದ ಟಿಪ್ಪರ್ ಬಂತು. ಹಾರ್ನ್ ಹೊಡೆಯಿತು, ವೇಗ ತಗ್ಗಿಸಲಿಲ್ಲ. ತಂಗಿಯ ಮಗ ಎಡಕ್ಕೆ ಸರಿದ. ನಮ್ಮ ರಸ್ತೆಗಳಿಗೆ ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಅಂಚು ಗೇಣೆತ್ತರ ನಿಂತಿರುತ್ತದೆ. ಪಕ್ಕದ ಮಣ್ಣು ಪ್ರತಿ ಮಳೆಗೂ ಕೊರೆದು ಇನ್ನಷ್ಟು ತಗ್ಗಾಗಿರುತ್ತದೆ. ಮುಂದಿನ ಚಕ್ರ ಅಂಚಿನಿಂದ ಜಾರಿತು, ಹುಡುಗ ಜಲ್ಲಿಯ ಮೇಲೆ ಬಿದ್ದ. ಮೊಣಕಾಲು, ಅಂಗೈ ತರಚಿತು. ಅಷ್ಟೇ. ಆದರೆ ಬಿದ್ದದ್ದು ಎಡಕ್ಕೆ ಎಂಬ ಒಂದೇ ಕಾರಣಕ್ಕೆ ಅಷ್ಟೇ. ತಂಗಿ ಏನೂ ಮಾತಾಡದೆ ಬಾಟಲಿಯ ನೀರಿನಲ್ಲಿ ಗಾಯ ತೊಳೆದಳು. ಅವಳ ಕೈ ನಡುಗುತ್ತಿದ್ದುದು ನನಗೆ ಕಂಡಿತು. ಹುಡುಗ ಅತ್ತು ಮುಗಿಸಿ ನನ್ನನ್ನು ಕೇಳಿದ: "ದೊಡ್ಡಮ್ಮ, ಇದು ಸೈಕಲ್ ಹೋಗುವ ರಸ್ತೆಯಾ?"

ಅವನಿಗೆ ಹೌದು ಎನ್ನಬೇಕೋ ಅಲ್ಲ ಎನ್ನಬೇಕೋ ತಿಳಿಯಲಿಲ್ಲ. ಈ ರಸ್ತೆಯಲ್ಲಿ ಸೈಕಲ್ ಹೋಗಬಾರದೆಂದು ಎಲ್ಲೂ ಬರೆದಿಲ್ಲ. ಹೋಗಬಹುದೆಂದು ಯೋಚಿಸಿ ಮಾಡಿದ ಗುರುತೂ ಇಲ್ಲ.

ತಂಗಿಗೆ ಈ ಮಾತು ನನಗಿಂತ ಹೆಚ್ಚು ನಾಟಿತು. ಅವಳ ತಲೆಮಾರು ಸೈಕಲ್ಲಿನದು. ಕರ್ನಾಟಕ ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಆರಂಭದ ವರ್ಷಗಳಲ್ಲೇ ಅವಳಿಗೂ ಒಂದು ಸಿಕ್ಕಿತು. ಅಲ್ಲಿಯವರೆಗೆ ನಮ್ಮ ಕಡೆ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದೆಂದರೆ ಗದ್ದೆಯ ಅಂಚಿನಲ್ಲಿ ನಡೆದು, ಸಂಕ ದಾಟಿ, ರಸ್ತೆಗೆ ಬಂದು ಬಸ್ಸಿಗೆ ಕಾಯುವುದು. ನಾನು ಓದಿದ್ದು ಹಾಗೆ. ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ಅಮ್ಮ ದೀಪ ಹಚ್ಚಿ ಹೊರಗೆ ನಿಂತಿರುತ್ತಿದ್ದಳು. ಸೈಕಲ್ ಬಂದ ಮೇಲೆ ತಂಗಿಗೆ ಬಸ್ಸಿನ ಹೊತ್ತು ಎಂಬುದೇ ಉಳಿಯಲಿಲ್ಲ. ಆಟಕ್ಕೆ ನಿಂತಳು, ಗ್ರಂಥಾಲಯಕ್ಕೆ ಹೋದಳು, ಗೆಳತಿಯ ಮನೆಗೆ ತಿರುಗಿದಳು. ಕಾಲೇಜಿನ ರಜೆಯಲ್ಲಿ ಅವಳ ಸೈಕಲ್ಲಿನಲ್ಲೇ ನಾನೂ ಕಲಿತೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಅಂಗಳದಲ್ಲಿ, ನೆರೆಯವರು ನೋಡದ ಹೊತ್ತು ನೋಡಿ.

ಕೋವಿಡ್ ಬಂದ ವರ್ಷ ಆ ವಿತರಣೆ ನಿಂತಿತು, ಮುಂದೆ ವರ್ಷಗಟ್ಟಲೆ ಮತ್ತೆ ಶುರುವಾಗಲಿಲ್ಲ. ಅಷ್ಟರಲ್ಲಿ ಹಳ್ಳಿಗಳಿಗೂ ಶಾಲೆಯ ವ್ಯಾನು ಬಂದಿತ್ತು, ಮನೆಮನೆಗೆ ಸ್ಕೂಟರ್ ಬಂದಿತ್ತು. ಸೈಕಲ್ ಇದ್ದವರೂ ಮಕ್ಕಳನ್ನು ರಸ್ತೆಗೆ ಬಿಡುವುದಿಲ್ಲ. ರಸ್ತೆ ಅಗಲವಾದಷ್ಟೂ ವಾಹನದ ವೇಗ ಏರಿತು, ವೇಗ ಏರಿದಷ್ಟೂ ಮಕ್ಕಳು ಒಳಗೆ ಸೇರಿದರು. ತಂಗಿಯ ಮಗನ ಶಾಲೆ ಮನೆಯಿಂದ ಬರೀ ಮೂರು ಕಿ.ಮೀ. ಅವನು ಈವರೆಗೆ ಒಮ್ಮೆಯೂ ತಾನೇ ಹೋಗಿಲ್ಲ.

ಕಂಡ್ಲೂರಿನಲ್ಲಿ ಸೇತುವೆ ದಾಟದೆ ಗುಲ್ವಾಡಿಯ ಕಡೆಗೆ ತಿರುಗಿದೆವು. ದೊಡ್ಡ ರಸ್ತೆ ಬಿಟ್ಟ ಕೂಡಲೇ ಎಲ್ಲ ಬದಲಾಯಿತು. ತೆಂಗಿನ ನೆರಳು, ಅಡ್ಡ ಬರುವ ಕೋಳಿ, ಕಟ್ಟೆಯ ಮೇಲೆ ಕೂತವರ ವಿಚಾರಣೆ. ಮಕ್ಕಳು ನಮ್ಮನ್ನು ಬಿಟ್ಟು ಮುಂದೆ ಹೋದರು, ನಾವು ಕೂಗಿ ಕರೆಯಲಿಲ್ಲ. ಆ ದಿನ ಮೊದಲ ಬಾರಿ ನಾನೂ ತಂಗಿಯೂ ಪಕ್ಕಪಕ್ಕ ಸೈಕಲ್ ಬಿಡುತ್ತ ಮಾತಾಡಿದ್ದು ಅಲ್ಲಿಯೇ.

ಗುಲ್ವಾಡಿಯ ಹೆಸರು ಸಾಹಿತ್ಯ ಓದಿದವರಿಗೆ ಬೇರೆ ಕಾರಣಕ್ಕೆ ಗೊತ್ತಿರುತ್ತದೆ. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ 'ಇಂದಿರಾಬಾಯಿ' ಕನ್ನಡದ ಮೊದಲ ಸಾಮಾಜಿಕ ಕಾದಂಬರಿ. ಅದನ್ನು ಬರೆದವರು ಗುಲ್ವಾಡಿ ವೆಂಕಟರಾಯರು, ಪೊಲೀಸ್ ಇಲಾಖೆಯಲ್ಲಿದ್ದವರು. ಅವರ ಮನೆತನ ಹೊತ್ತದ್ದು ಈ ಊರಿನ ಹೆಸರು. ಎಳೆಯ ವಿಧವೆಯೊಬ್ಬಳು ಮನೆಯ ಕಟ್ಟಿನಿಂದ ತಪ್ಪಿಸಿಕೊಂಡು ಹೊರಬಿದ್ದು, ಓದಿ, ಮರುಮದುವೆಯಾಗುವ ಕತೆ ಅದು. ಕಾಲೇಜಿನಲ್ಲಿ ಅದನ್ನು ಪರೀಕ್ಷೆಗೆ ಓದಿದಾಗ ನನಗೆ ಸುಧಾರಣೆ, ವಿಧವಾ ವಿವಾಹ ಇತ್ಯಾದಿ ದೊಡ್ಡ ಪದಗಳಷ್ಟೇ ಕಂಡಿದ್ದವು. ಈಗ ಅನ್ನಿಸುವುದು, ಅದು ಹುಡುಗಿಯೊಬ್ಬಳು ಹೊಸಿಲು ದಾಟಿ ದಾರಿಗೆ ಬೀಳುವ ಕತೆಯೂ ಹೌದು. ದಾಟಿದವಳಿಗೆ ಹೊರಗೆ ಒಂದು ದಾರಿ ಇರಬೇಕಲ್ಲ?

ರಾತ್ರಿ ಮಕ್ಕಳು ಉಂಡು ಮಲಗಿದ ಮೇಲೆ ಅಪ್ಪಯ್ಯನಿಗೆ ಡ್ಯಾನ್ಯೂಬಿನ ಕತೆ ಹೇಳಿದೆವು. ಎಲ್ಲೋ ದೂರದಲ್ಲಿ ಆಟ ನಡೆಯುತ್ತಿತ್ತು, ಗಾಳಿಗೆ ಚೆಂಡೆಯ ಸದ್ದು ಬಂದು ಹೋಗುತ್ತಿತ್ತು. ಸೌಕೂರಿನ ದುರ್ಗಾಪರಮೇಶ್ವರಿಯ ಹೆಸರಿನ ಮೇಳವೇ ಇರುವ ಊರು, ಡಿಸೆಂಬರ್ ಎಂದರೆ ತಿರುಗಾಟದ ಕಾಲ. ಅಪ್ಪಯ್ಯ ಎಲ್ಲ ಕೇಳಿ ಕವಳ ಉಗಿದು ಬಂದು ಹೇಳಿದರು: "ಮುಂಚೆ ನಮ್ಮಲ್ಲ್ ಹೊಳಿಯೇ ರಸ್ತಿ. ರಸ್ತಿ ಬದಿಗ್ ಮತ್ತೊಂದ್ ರಸ್ತಿ ಎಂತಕ್ಕೆ?"

ಅದು ನಾವು ಯೋಚಿಸದ ಉತ್ತರ. ಡ್ಯಾನ್ಯೂಬಿನಲ್ಲಿ ದೋಣಿಯನ್ನು ದಡದಿಂದ ಎಳೆಯಬೇಕಿತ್ತು, ಆದ್ದರಿಂದ ದಡಕ್ಕೆ ದಾರಿ ಬಂತು. ನಮ್ಮ ಹೊಳೆಗಳ ಕೆಳಭಾಗದಲ್ಲಿ ಆ ಕೆಲಸ ಕಡಲಿನದೇ. ಭರತ ಏರುವಾಗ ನೀರೇ ಒಳಕ್ಕೆ ಹರಿಯುತ್ತದೆ, ಇಳಿಯುವಾಗ ಹೊರಕ್ಕೆ. ಹೊತ್ತು ನೋಡಿ ದೋಣಿ ಬಿಟ್ಟರೆ ಹೋಗುವುದಕ್ಕೂ ಬರುವುದಕ್ಕೂ ಹೊಳೆಯೇ ಒಯ್ಯುತ್ತದೆ, ಜಲ್ಲ ಹಾಕಿ ದೂಡಿದರೆ ಸಾಕು. ಕುದುರೆ ಬೇಡ, ಹಗ್ಗ ಬೇಡ, ದಂಡೆಯ ಮೇಲೆ ಉದ್ದದ ದಾರಿಯೂ ಬೇಡ. ದಂಡೆಯಲ್ಲಿ ಬೇಕಾದದ್ದು ಅಲ್ಲಲ್ಲಿ ದೋಣಿಗೆ ಇಳಿಯುವ ಕಡವು ಮಾತ್ರ. ಆಮೇಲೆ ಸೇತುವೆ ಬಂತು, ಲಾರಿ ಬಂತು, ಕಡವು ಮುಚ್ಚಿತು. ಹೊಳೆ ರಸ್ತೆಯಾಗಿ ಉಳಿಯಲಿಲ್ಲ, ಹೊಳೆಬದಿಗೆ ರಸ್ತೆ ಎಂಬುದು ಮೊದಲೇ ಇರಲಿಲ್ಲ.

ಮರುದಿನ ಅಪ್ಪಯ್ಯನೂ ತಮ್ಮ ಹಳೆಯ ಸೈಕಲ್ಲಿಗೆ ಗಾಳಿ ಹೊಡೆದು ಹೊರಟು ನಿಂತರು. ಎಪ್ಪತ್ತರ ಮೇಲಿನ ವಯಸ್ಸು. ಹಿಂದೆ ಇದೇ ಸೈಕಲ್ಲಿನಲ್ಲಿ ಬಸ್ರೂರಿಗೆ ಕಾಯಿ ಒಯ್ದವರು. "ಮೆಲ್ಲ ಹೋಪ" ಎಂದು ಮುಂದೆ ಬಿದ್ದರು, ಅವರ ಆ ಮೆಲ್ಲಗಿನ ಸವಾರಿಗೆ ನಾವು ಏದುಸಿರು ಬಿಟ್ಟೆವು.

ಬಸ್ರೂರು ಇಂದು ಬಸ್ಸಿನಿಂದ ನೋಡಿದರೆ ಒಂದು ಸಣ್ಣ ಪೇಟೆ. ಹೊಳೆಯ ಕಡೆಯಿಂದ ನೋಡಬೇಕು. ಪೋರ್ಚುಗೀಸರು 'ಬಾರ್ಸೆಲೋರ್' ಎಂದು ಕರೆದ ಬಂದರು ಇದು. ಹದಿನಾಲ್ಕನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ಬರೆದಿಟ್ಟ ಹೆಸರುಗಳಲ್ಲಿ 'ಅಬು ಸರೂರ್' ಎಂಬುದು ಬಸ್ರೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಲ್ಲಿಯ ಅಕ್ಕಿ ಗೋವೆಗೆ ಹೋಗುತ್ತಿತ್ತು. 1665ರ ಫೆಬ್ರವರಿಯಲ್ಲಿ ಶಿವಾಜಿ ಹಡಗುಗಳ ದಂಡು ಕಟ್ಟಿಕೊಂಡು ಬಂದು ಲೂಟಿ ಮಾಡುವಷ್ಟು ಸಂಪತ್ತು ಇಲ್ಲಿತ್ತು. ಕಡಲಿನಿಂದ ಇಷ್ಟು ಒಳಗೆ ಅಂಥ ಬಂದರು ಇದ್ದದ್ದು ಹೇಗೆ ಎಂದು ಮಗಳು ಕೇಳಿದಾಗ ಅಪ್ಪಯ್ಯನ ರಾತ್ರಿಯ ಮಾತೇ ಉತ್ತರವಾಯಿತು. ಕಡಲಿನ ಭರತ ಇಲ್ಲಿಯವರೆಗೂ ಬರುತ್ತದೆ.

ಬಸ್ರೂರಿನ ಹೊಳೆಯಂಚಿನಲ್ಲಿ ತುಸು ದೂರ ನಿಜವಾಗಿಯೂ ಹೊಳೆಯ ಜೊತೆಗೇ ಹೋದೆವು. ಅದು ರಸ್ತೆಯಲ್ಲ. ಉಪ್ಪುನೀರು ಗದ್ದೆಗೆ ನುಗ್ಗದಂತೆ ಕಟ್ಟಿದ ಮಣ್ಣಿನ ದಂಡೆ. ಎರಡು ಮಾರು ಅಗಲ, ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಗದ್ದೆ. ಏರಿಲ್ಲ, ಇಳುಕಲಿಲ್ಲ, ಟಿಪ್ಪರ್ ಬರಲು ಸಾಧ್ಯವೇ ಇಲ್ಲ. ಹಿಂದಿನ ದಿನ ಬಿದ್ದ ಹುಡುಗ ಇಲ್ಲಿ ಕೈಬಿಟ್ಟು ತುಳಿಯಲು ನೋಡಿದ. ನೀರುಕಾಗೆಯೊಂದು ಗೂಟದ ಮೇಲೆ ರೆಕ್ಕೆ ಬಿಡಿಸಿ ಒಣಗಿಸುತ್ತಿತ್ತು, ನಾವು ಹತ್ತಿರ ಹೋದರೂ ಹಾರಲಿಲ್ಲ. ಇದು ಹೀಗೇ ಕುಂದಾಪುರದವರೆಗೆ ಇದ್ದಿದ್ದರೆ ಎಂದುಕೊಳ್ಳುವಷ್ಟರಲ್ಲಿ ಒಂದು ತೋಡು ಅಡ್ಡ ಬಂತು. ಅದರ ಮೇಲೆ ಅಡಿಕೆ ಮರದ ಸಂಕ, ಹಿಡಿಯಲು ಒಂದು ಬಳ್ಳಿ. ಅಲ್ಲಿಗೆ ದಾರಿ ಮುಗಿಯಿತು. ತಿರುಗಿ ಬಂದು ಮತ್ತೆ ದೊಡ್ಡ ರಸ್ತೆ ಸೇರಿದೆವು.

ಆ ಸಂಕದ ಮುಂದೆ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಸೈಕಲ್ಲಲ್ಲ. 2022ರ ಮಳೆಗಾಲದಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಇಂಥದೇ ಕಾಲುಸಂಕದಿಂದ ಜಾರಿ ತೋಡಿನ ಪಾಲಾದಳು. ಎರಡು ದಿನ ಊರಿಗೆ ಊರೇ ಹುಡುಕಿತು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಮಕ್ಕಳು ದಿನಾ ದಾಟುವ ಸಂಕಗಳಿವೆ. ಹೊಳೆಯ ಉದ್ದಕ್ಕೂ ಸೈಕಲ್ ದಾರಿ ಎಂದರೆ ಪೇಟೆಯವರ ಶೋಕಿ ಎಂದು ಯಾರಾದರೂ ಹೇಳಿದರೆ ನಾನು ಅವರನ್ನು ಆ ಸಂಕದ ಹತ್ತಿರ ಕರೆದೊಯ್ಯುತ್ತೇನೆ. ಪ್ರವಾಸಿಯ ಸೈಕಲ್ಲಿಗೆ ಬೇಕಾದ ಸೇತುವೆಯೂ ಎರಡನೇ ತರಗತಿಯ ಹುಡುಗಿಗೆ ಬೇಕಾದ ಸೇತುವೆಯೂ ಬೇರೆಬೇರೆ ಅಲ್ಲ. ಎರಡಕ್ಕೂ ಅದೇ ನಾಲ್ಕೈದು ಅಡಿ ಅಗಲ, ಎರಡು ಬದಿಗೆ ಕೈಗಂಬಿ.

ಕೋಣಿ ದಾಟಿ ಬಸ್ರೂರು ಮೂರುಕೈಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಅಡಿಯಿಂದ ಆಚೆಗೆ ಹೋದೆವು, ಸೈಕಲ್ಲಿನಿಂದ ಇಳಿದು, ಮಕ್ಕಳನ್ನು ಒಳಬದಿಗೆ ಹಾಕಿಕೊಂಡು. ನಮ್ಮ ಸೀಮೆಯಲ್ಲಿ ನದಿಯ ಮಗ್ಗುಲಲ್ಲೇ ಸಾಗುವ ಹೆಸರುವಾಸಿ ರಸ್ತೆ ಒಂದಿದೆ. ಅದು ಮರವಂತೆಯಲ್ಲಿದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಆದರೆ ಅದೂ ಇದೇ ಹೆದ್ದಾರಿ. ಎಷ್ಟು ಚಂದವಿದ್ದರೂ ಅಲ್ಲಿ ಎಂಟು ವರ್ಷದವನನ್ನು ಸೈಕಲ್ ಹತ್ತಿಸಿ ಬಿಡಲು ಯಾವ ತಾಯಿಗೂ ಧೈರ್ಯ ಬಾರದು.

ಆಗ ನನಗೆ ಒಂದು ಮಾತು ಸ್ಪಷ್ಟವಾಯಿತು. ದೇಶವಿದೇಶದ ಸೈಕಲ್ ದಾರಿಗಳ ವಿವರಣೆಯಲ್ಲಿ 'ಕುಟುಂಬಸ್ನೇಹಿ' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ಕುಟುಂಬ ಜೊತೆಯಾಗಿ ಹೋಗಬಹುದಾದ ದಾರಿ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಜೊತೆಯಾಗಿ ನಾವು ಸಿದ್ದಾಪುರದ ರಸ್ತೆಯಲ್ಲೂ ಹೋದೆವಲ್ಲ, ಒಬ್ಬರು ಮುಂದೆ, ಒಬ್ಬರು ಹಿಂದೆ, ನಡುವೆ ಮಕ್ಕಳು, ಬೆನ್ನಿಗೆ ಕಣ್ಣು ಕಟ್ಟಿಕೊಂಡು. ಅದು ಕಾವಲು. ಕುಟುಂಬ ಜೊತೆಗಿಲ್ಲದೆಯೂ ಮಗು ಹೋಗಬಹುದಾದ ದಾರಿಯೇ ಕುಟುಂಬಸ್ನೇಹಿ. ಕಂಡ್ಲೂರಿನಿಂದ ಗುಲ್ವಾಡಿಗೆ ಬರುವಾಗ ಮಕ್ಕಳು ಕಣ್ಣಿಗೆ ಕಾಣದಷ್ಟು ಮುಂದೆ ಹೋದರೂ ನಾವು ಕೂಗದೆ ಇದ್ದೆವಲ್ಲ, ಆ ಅಳತೆಯ ದಾರಿ.

ಹಾಗಿದ್ದರೆ ತುಂಡುಗಳ ಲೆಕ್ಕ ಏನಾಯಿತು? ಎರಡು ದಿನದಲ್ಲಿ ಕಂಡದ್ದು, ಅಪ್ಪಯ್ಯ ಹೇಳಿದ್ದು ಸೇರಿಸಿದರೆ ಬಹಳವೇ ಇವೆ. ಒಂದು, ಉಪ್ಪುನೀರು ತಡೆಯುವ ದಂಡೆಗಳು. ಹೊಳೆಯ ಕೆಳಭಾಗದಲ್ಲೆಲ್ಲ ಇರುವಂಥವು. ಎರಡು, ಕಿಂಡಿ ಅಣೆಕಟ್ಟುಗಳು. ಮಳೆ ನಿಂತ ಮೇಲೆ ಹಲಗೆ ಹಾಕಿ ಸಿಹಿನೀರು ನಿಲ್ಲಿಸುವ, ಮಳೆಗೆ ಮೊದಲು ಹಲಗೆ ತೆಗೆಯುವ ಕಟ್ಟೆಗಳವು. ಎಷ್ಟೋ ಕಡೆ ಅವುಗಳ ಮೇಲೆ ಸೈಕಲ್ಲು, ಬೈಕು ದಾಟುವಷ್ಟು ಜಾಗ ಇದ್ದೇ ಇರುತ್ತದೆ. ಮೂರು, ಕುದ್ರುಗಳ ಒಳದಾರಿಗಳು. ತಲ್ಲೂರಿನ ಹತ್ತಿರದ ಉಪ್ಪಿನಕುದ್ರುವನ್ನೇ ನೋಡಿ, ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಊರು. ಮಕ್ಕಳ ಸೈಕಲ್ ಪಯಣಕ್ಕೆ ಅದಕ್ಕಿಂತ ಒಳ್ಳೆಯ ತಂಗುದಾಣ ಎಲ್ಲಿ ಸಿಕ್ಕೀತು!

ನಾಲ್ಕನೆಯದು ವಾರಾಹಿ ನೀರಾವರಿಯ ಕಾಲುವೆ. 1979ರಷ್ಟು ಹಿಂದೆ ಮಂಜೂರಾಗಿ, ಎಡದಂಡೆಯಲ್ಲ್ ನೀರು ಹರಿಯಲು 2015 ಬರಬೇಕಾದ ಯೋಜನೆ ಅದು. ಅದರ ಬಗ್ಗೆ ಊರವರಿಗೆ ಬೇರೆ ದೂರುಗಳಿವೆ. ಆದರೆ ಕಾಲುವೆ ಎಂಬುದರ ಗುಣ ನೋಡಿ. ನೀರು ತಾನಾಗಿ ಹರಿಯಬೇಕಾದರೆ ಅದು ಗುಡ್ಡೆ ಹತ್ತಿ ಇಳಿಯುವಂತಿಲ್ಲ, ಗುಡ್ಡೆಯ ಸೊಂಟ ಬಳಸಿ ಸಣ್ಣಗೆ ಇಳಿಯುತ್ತ ಹೋಗಬೇಕು. ಪಕ್ಕದಲ್ಲಿ ನೋಡಿಕೊಳ್ಳುವವರ ಓಡಾಟಕ್ಕೆ ದಾರಿ ಬೇಕು. ಅಂದರೆ ಏರಿಳಿತವಿಲ್ಲದ, ಲಾರಿ ಬಾರದ ದಾರಿ. ಡ್ಯಾನ್ಯೂಬಿಗೆ ಕುದುರೆ ಮಾಡಿಕೊಟ್ಟದ್ದನ್ನು ನಮಗೆ ನೀರಾವರಿಯ ಇಂಜಿನಿಯರರು ಮಾಡಿಕೊಟ್ಟಂತಾಯಿತು.

ಅಷ್ಟಕ್ಕೇ ಹಿಗ್ಗುವಂತಿಲ್ಲ. ತಡೆಗೋಡೆ ಇಲ್ಲದ ಕಾಲುವೆಯ ದಂಡೆ ಎಂಥದೆಂದು ಮಂಡ್ಯದವರನ್ನು ಕೇಳಬೇಕು. 2018ರ ನವೆಂಬರಿನಲ್ಲಿ ಪಾಂಡವಪುರ ತಾಲೂಕಿನಲ್ಲಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳೂ ಇದ್ದರು. ಹೊಳೆದಂಡೆಯೂ ಹಾಗೆಯೇ. ಈಜು ಬಾರದ ಮಗುವಿಗೆ ಟಿಪ್ಪರಿನಷ್ಟೇ ಅಪಾಯ ನೀರಿನದೂ. ಮೊಳಕಾಲೆತ್ತರದ ಗೋಡೆ, ತೋಡುಗಳಿಗೆ ಕೈಗಂಬಿ ಇರುವ ಸಂಕ, ಮಳೆಗಾಲಕ್ಕೆ ಮುಚ್ಚಿಡುವ ಗೇಟು, ಐದಾರು ಕಿ.ಮೀ.ಗೊಂದು ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ. ಎರಡು ದಿನ ನಮಗೆ ಅತಿ ಕಷ್ಟವಾದದ್ದು ಆ ಕೊನೆಯದೇ. ದೇವಸ್ಥಾನಗಳು ಇಲ್ಲದಿದ್ದರೆ ನಮ್ಮ ಪ್ರಯಾಣ ಅಂಪಾರಿನಲ್ಲೇ ಮುಗಿಯುತ್ತಿತ್ತು. ಬೇಕಾದದ್ದು ಇಷ್ಟು. ಬೇಡವಾದದ್ದೂ ಒಂದಿದೆ. ದಾರಿ ಚಂದವಾದ ಕೂಡಲೇ ಅದನ್ನು ಅಗಲ ಮಾಡಿ ಕಾರು ಬಿಡುವ ಉತ್ಸಾಹ.

ಕೋಡಿಗೆ ಮುಟ್ಟುವಾಗ ಹನ್ನೊಂದೂವರೆ. ಪಂಚಗಂಗಾವಳಿ ಇಲ್ಲಿ ಕಡಲಿಗೆ ಸೇರುತ್ತದೆ. ಆಚೆ ದಡದಲ್ಲಿ ಗಂಗೊಳ್ಳಿ. ಬೋಟುಗಳ ಬಣ್ಣ ಕಾಣುತ್ತದೆ, ಜೋರಾಗಿ ಕೂಗಿದರೆ ಕೇಳೀತೇನೋ ಎನ್ನುವಷ್ಟು ಹತ್ತಿರ. ಮಕ್ಕಳಿಗೆ ಅಲ್ಲಿಗೂ ಹೋಗಬೇಕಿತ್ತು. ರಸ್ತೆಯಲ್ಲಿ ಹೋದರೆ ಹೆದ್ದಾರಿ ಹಿಡಿದು ತ್ರಾಸಿ ಸುತ್ತಿ ಹದಿನೈದು ಕಿ.ಮೀ.ಗೂ ಹೆಚ್ಚು ಎಂದೆ. ಅಪ್ಪಯ್ಯ ಹಿಂದೆ ಸೈಕಲ್ಲನ್ನು ದೋಣಿಯಲ್ಲಿ ಮಲಗಿಸಿಕೊಂಡು ದಾಟಿದ್ದನ್ನು ಹೇಳಿದರು. ಎಲೆ ಅಡಿಕೆ ಹಾಕಿ ಮುಗಿಯುವಷ್ಟರಲ್ಲಿ ಆಚೆ ದಡವಂತೆ. ದಿನಕ್ಕೆ ನಾಲ್ಕು ಸಲ ಸೈಕಲ್ ಹತ್ತಿಸುವ ಒಂದು ದೋಣಿ ಇದ್ದರೆ ಡ್ಯಾನ್ಯೂಬಿನವರ ಸಾಲಿನಲ್ಲಿ ನಾವೂ ನಿಲ್ಲಬಹುದು ಎಂದು ತಂಗಿ ನಕ್ಕಳು.

ಬೆಂಗಳೂರಿಗೆ ಮರಳಿದ ಮೇಲೆ ನಾನು ಇದನ್ನೆಲ್ಲ ಬರೆಯಲು ಕೂತೆ. ತಂಗಿ ಮಾಡಿದ್ದು ಬೇರೆ. ಅವಳ ಮನೆಯಿಂದ ಮಗನ ಶಾಲೆಗೆ ಗದ್ದೆಯಂಚಿನಲ್ಲೇ ಒಂದು ಒಳದಾರಿ ಇದೆ, ದೊಡ್ಡ ರಸ್ತೆ ಮುಟ್ಟದೆ ಹೋಗಬಹುದು. ನಡುವೆ ಒಂದೇ ಒಂದು ಸಂಕ. ಆ ಸಂಕವನ್ನು ಸೈಕಲ್ ದೂಡಿಕೊಂಡು ದಾಟುವಷ್ಟು ಅಗಲಕ್ಕೆ, ಕೈಗಂಬಿ ಹಾಕಿ ಕಾಂಕ್ರೀಟಿನಲ್ಲಿ ಮಾಡಿಕೊಡಬೇಕೆಂದು ಗ್ರಾಮಸಭೆಗೆ ಅರ್ಜಿ ಬರೆದಿದ್ದಾಳೆ. ದಾರಿ ಹಾದುಹೋಗುವ ಐದು ಮನೆಯವರಿಂದ ರುಜು ಹಾಕಿಸಿದ್ದಾಳೆ. ಆರನೆಯ ಮನೆಯವರು ಒಪ್ಪಿಲ್ಲ. ಇಂದು ಸೈಕಲ್ ಎಂದು ಬಿಟ್ಟರೆ ನಾಳೆ ರಿಕ್ಷಾ ಬರುತ್ತದೆ, ನಾಡಿದ್ದು ಅರ್ಧ ಗದ್ದೆ ಹೋಗುತ್ತದೆ ಎಂಬುದು ಅವರ ಅಂಜಿಕೆ. ಅಂಜಿಕೆ ಸುಳ್ಳಲ್ಲ, ನಮ್ಮ ಊರಿನಲ್ಲೇ ಹಾಗಾದದ್ದುಂಟು. ಸಂಕದ ಎರಡು ತುದಿಗೂ ನಡುವೆ ಒಂದೊಂದು ಕಲ್ಲು ನೆಡುತ್ತೇವೆ, ಸೈಕಲ್ಲಿಗಿಂತ ಅಗಲದ್ದು ಯಾವುದೂ ಬಾರದ ಹಾಗೆ ಎಂದು ಅವಳು ಬರೆದುಕೊಡಲು ತಯಾರಿದ್ದಾಳೆ. ಮುಂದಿನ ಭಾನುವಾರ ಅಪ್ಪಯ್ಯನನ್ನು ಕರೆದುಕೊಂಡು ಮತ್ತೆ ಆ ಮನೆಗೆ ಹೋಗುವವಳಿದ್ದಾಳೆ.